ಒಳಗಿನ ಒಲೆ, ಹೊರಗಿನ ಸಾಲು

ಬೆಟ್ಟದ ಮಂಜು ಇನ್ನೂ ಆಸ್ಪತ್ರೆಯ ತಗಡಿನ ಮಾಡು ಬಿಟ್ಟು ಇಳಿದಿಲ್ಲ. ಹೆರಿಗೆ ವಾರ್ಡಿನ ಹಿಂದಿನ ಅಡುಗೆಮನೆಯಲ್ಲಿ ಎರ್ಲಿಂಡಾ ಮಗ್ಬನುವಾ ಶುಂಠಿ ಜಜ್ಜುತ್ತಿದ್ದಾರೆ. ಒಂದು ಹಂಡೆಯಲ್ಲಿ ಅಕ್ಕಿ ಕುದಿಯುತ್ತಿದೆ, ಇನ್ನೊಂದರಲ್ಲಿ ಕೋಳಿ. ಹೊರಗಿನ ಜಗುಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದವರು ಒಬ್ಬೊಬ್ಬರಾಗಿ ಏಳುತ್ತಿದ್ದಾರೆ. ಬಾಣಂತಿಯ ತಾಯಿ, ಕಾಲು ಮುರಿದವನ ಹೆಂಡತಿ, ರೋಗಿಯನ್ನು ಹೊತ್ತುಕೊಂಡು ದೂರದ ಹಳ್ಳಿಗಳಿಂದ ನಡೆದು ಬಂದವರು. ರೋಗಿಗೆ ಆಸ್ಪತ್ರೆಯಲ್ಲಿ ಊಟವುಂಟು. ಜೊತೆಗೆ ಬಂದವರ ಹೊಟ್ಟೆಪಾಡು ಅವರವರದೇ. ಅಂಥವರಿಗೆ ಹನ್ನೊಂದು ವರ್ಷದಿಂದ ಬೆಳಗಿನ ಗಂಜಿ ಹಾಕುತ್ತಿರುವವರು ಈ ಎರ್ಲಿಂಡಾ.

“ಉಪ್ಪು ಕಡ್ಮೆ ಆದ್ರೆ ಬೈತಾರೆ, ಜಾಸ್ತಿ ಆದ್ರೆ ಸುಮ್ನೆ ಉಣ್ತಾರೆ. ಅದಕ್ಕೇ ಒಂದು ಚಿಟಿಕೆ ಜಾಸ್ತೀನೇ ಹಾಕೋದು” ಎಂದು ನಗುತ್ತಾರೆ. ನಗು ಬೇಗ ಆರುತ್ತದೆ. ಈ ಒಲೆಯ ಮುಂದೆ ಇದು ಅವರ ಕೊನೆಯ ವಾರ.

ಎರ್ಲಿಂಡಾ ಫಿಲಿಪೀನ್ಸಿನ ಇಲೋಯಿಲೊದವರು, ಅಲ್ಲಿ ಶಾಲೆಯ ಟೀಚರು. ಪಪುವಾ ನ್ಯೂಗಿನಿಯ ಈ ಬೆಟ್ಟದ ಪೇಟೆಯ ಕಾಫಿ ಕಾರ್ಖಾನೆಗೆ ಗಂಡ ರುಫಿನೊ ಮೆಕ್ಯಾನಿಕ್ ಆಗಿ ಬಂದರು, ಹಿಂದೆಯೇ ಇವರೂ ಬಂದರು. ಗಂಡನ ವೀಸಾದ ಮೇಲೆ ಹೆಂಡತಿಯಾಗಿ ಬಂದವಳು ಇಲ್ಲಿ ಸಂಬಳದ ಕೆಲಸ ಹಿಡಿಯುವಂತಿಲ್ಲ. “ಇವ್ರು ಕೆಲ್ಸಕ್ಕೆ ಹೋದ್ಮೇಲೆ ನಾನು ಕ್ವಾರ್ಟರ್ಸ್ ಗೇಟಿನ ಒಳಗೆ. ಗುಡಿಸಿದ್ ಮನೇನೇ ಮತ್ತೆ ಗುಡಿಸ್ತಿದ್ದೆ. ಹುಚ್ಚು ಹಿಡಿಯೋದೊಂದು ಬಾಕಿ ಇತ್ತು.”

ಆಗ ಸಿಕ್ಕಿದ್ದು ಬುಧವಾರದ ಕ್ಲಬ್ಬು. ಎಸ್ಟೇಟ್ ಮ್ಯಾನೇಜರುಗಳ, ಮೇಷ್ಟರುಗಳ ಹೆಂಡಂದಿರು, ಎಲ್ಲರೂ ಪರದೇಶದವರು. ಇಸ್ಪೀಟು, ಕೇಕು, ಊರಿನ ನೆನಪು. ಒಂದು ಬುಧವಾರ ಹಳೆಯ ಬಟ್ಟೆ ಕೊಡಲು ಆಸ್ಪತ್ರೆಗೆ ಹೋದಾಗ, ಮುದುಕಿಯೊಬ್ಬಳು ಮಗಳು ಉಂಡಿಟ್ಟ ತಟ್ಟೆಯನ್ನು ಬೆರಳಲ್ಲಿ ಬಳಿಯುತ್ತಿದ್ದುದು ಎರ್ಲಿಂಡಾರ ಕಣ್ಣಿಗೆ ಬಿತ್ತು. ಮುಂದಿನ ವಾರ ಇಸ್ಪೀಟಿನ ಮೇಜಿನ ಮೇಲೆ ಗಂಜಿಗೆ ಹೆಚ್ಚುವ ಈರುಳ್ಳಿ ಬಂತು, ಆಸ್ಪತ್ರೆಯ ಹಿಂದಿನ ಅಡುಗೆಮನೆ ಕ್ಲಬ್ಬಿನ ಕೈಗೆ ಬಂತು. “ಅವತ್ತಿಂದ ಬೆಳಿಗ್ಗೆ ಏಳೋಕೆ ನಂಗೊಂದು ಕಾರಣ ಸಿಕ್ತು” ಎನ್ನುತ್ತಾರೆ.

ಅದೇ ಮೊದಲ ತಿಂಗಳಲ್ಲಿ ಸೆರಾ ಕೌಪಾ ಬಂದಳು. ಹತ್ತಿರದ ಹಳ್ಳಿಯಿಂದ ತಂಗಿಯನ್ನು ಹೆರಿಗೆಗೆ ಕರೆತಂದವಳು. ಹಣೆಗೆ ತೂಗುಹಾಕಿ ಬೆನ್ನಿಗೆ ಇಳಿಬಿಟ್ಟ ನೂಲಿನ ಚೀಲದ ತುಂಬ ಅವಳ ತೋಟದ ಗೆಣಸು. ಒಲೆಯ ಹತ್ತಿರ ಬರಲು ಹೋದವಳನ್ನು ಎರ್ಲಿಂಡಾ ಬಾಗಿಲಲ್ಲೇ ತಡೆದರು. ಅಡುಗೆಮನೆಯೊಳಗೆ ಕ್ಲಬ್ಬಿನ ಮೆಂಬರುಗಳು ಮಾತ್ರ. ಯಾರದೋ ಕೊಳೆ ಕೈಯಿಂದ ಯಾರದೋ ಹೊಟ್ಟೆ ಕೆಟ್ಟೀತೆಂಬ ಭಯ. ಗೆಣಸು ಹೊರಗೇ ಉಳಿದು ಕಾವಲುಗಾರನ ಹಂದಿಗೆ ಹೋಯಿತು. ಸೆರಾ ಮಾತ್ರ ಹೋಗಲಿಲ್ಲ. ತಂಗಿ ಮನೆಗೆ ಹೋದ ಮೇಲೂ ದಿನಾ ಬಂದಳು, ಸೌದೆ ಒಡೆದಳು, ನೀರು ತಂದು ಹೊಸ್ತಿಲ ಮೇಲಿಟ್ಟಳು, ನಲ್ಲಿಯ ಕೆಳಗೆ ಹಂಡೆ ತಿಕ್ಕಿದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಸ್ತಿಲು ದಾಟಲಿಲ್ಲ.

“ನಿಯಮ ಮಾಡಿದ್ದು ನಾನೇ” ಎನ್ನುವಾಗ ಎರ್ಲಿಂಡಾರ ಕೈಯ ಸೌಟು ನಿಲ್ಲುತ್ತದೆ. “ಬೇರೆಯವ್ರು ಹೇಳಿದ್ರು ಅಂತ ಹೇಳೋಕೂ ಆಗಲ್ಲ. ನಂಗೆ ಸಿಕ್ಕಿದ್ದು ಇದೊಂದೇ ಜಾಗ. ಗಟ್ಟಿಯಾಗಿ ಹಿಡ್ಕೊಂಡ್ಬಿಟ್ಟೆ.”

ಈಗ ಕ್ಲಬ್ಬಿಲ್ಲ. ಎಸ್ಟೇಟುಗಳು ಕೈಬದಲಾದವು, ಮೆಂಬರುಗಳು ಒಬ್ಬೊಬ್ಬರಾಗಿ ವಿಮಾನ ಹತ್ತಿದರು. ಹೊಸದಾಗಿ ಬರುವ ಗಂಡಸರು ಸಂಸಾರ ತರುವುದಿಲ್ಲ. ಉಳಿದ ಮೆಂಬರು ಎರ್ಲಿಂಡಾ ಒಬ್ಬರೇ, ಗಂಡನ ಕೆಲಸದ ಅವಧಿ ಮುಗಿದು ಭಾನುವಾರ ಅವರೂ ಊರಿಗೆ. “ಹಂಡೆಗೂ ಒಂದು ಟಿಕೆಟ್ ತಗೊಳ್ಲಾ, ಲಿಂಡಾ?” ಎಂದು ರುಫಿನೊ ಛೇಡಿಸಿದ್ದಕ್ಕೆ ಈ ಸಲ ಅವರು ನಗಲಿಲ್ಲ. ಸೋಮವಾರ ಬೆಳಿಗ್ಗೆ ಒಲೆ ಹೊತ್ತುವುದೋ ಇಲ್ಲವೋ ಎಂಬುದೊಂದೇ ಅವರ ಚಿಂತೆ.

ಹೋದ ವಾರ, ಇನ್ನು ನೀನೇ ನಡೆಸು ಎಂದು ಅಡುಗೆಮನೆಯ ಬೀಗದಕೈ ಸೆರಾಳ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ. “ನಮ್ಮೂರ ಹೆಂಗಸ್ರನ್ನ ಕೇಳ್ತೀನಿ, ಮಿಸಿಸ್” ಎಂದಷ್ಟೇ ಹೇಳಿ ಹೋದಳು.

ಇವತ್ತು ಉತ್ತರ ಬಂದಿದೆ. ಗಂಜಿ ಇಳಿಸಿ ಎರ್ಲಿಂಡಾ ಹೊರಗೆ ಬಂದರೆ, ಗಾಳಿಮರದ ಕೆಳಗೆ ಮೂರು ಕಲ್ಲಿನ ಒಲೆ ಉರಿಯುತ್ತಿದೆ. ಸೆರಾ ಮತ್ತು ಅವಳ ಹಳ್ಳಿಯ ನಾಲ್ಕು ಹೆಂಗಸರು ಗೆಣಸು ಸುಡುತ್ತಿದ್ದಾರೆ, ಸೊಪ್ಪು ಬೇಯಿಸುತ್ತಿದ್ದಾರೆ.

“ಇಲ್ಲಿ ಯಾಕೆ, ಸೆರಾ? ಒಳಗೆ ಒಲೆ ಇದೆ. ಹಂಡೆ ಇದೆ. ಮಳೆ ಬಂದ್ರೆ?”

“ಮಳೆ ಬಂದ್ರೆ ನೆನೀತೀವಿ. ಸೋಮವಾರದಿಂದ ನಾವೇ ಹಾಕ್ತೀವಿ, ನೀವು ಚಿಂತೆ ಬಿಡಿ. ಒಳಗಿನ ಒಲೆ ನಿಮ್ಮದು, ಮಿಸಿಸ್. ಅಲ್ಲಿ ನಮ್ಗೆ ಕೈಕಾಲು ಆಡಲ್ಲ.”

ದನಿಯಲ್ಲಿ ಸಿಟ್ಟಿಲ್ಲ. ಸಿಟ್ಟಿದ್ದರೆ ಎರ್ಲಿಂಡಾ ಕ್ಷಮೆ ಕೇಳುತ್ತಿದ್ದರೇನೋ. ಬೀಗದಕೈಯನ್ನು ಏಪ್ರನ್ನಿನ ಜೇಬಿಗೆ ಮರಳಿ ಹಾಕಿಕೊಳ್ಳುತ್ತಾರೆ.

ಒಲೆ ಆರುವುದಿಲ್ಲ ಎಂಬ ಸಮಾಧಾನ ಅವರಿಗಿದೆ. “ಒಂದೇ ಒಂದು ಆಸೆ ಉಳೀತು ನೋಡಿ” ಎನ್ನುತ್ತಾರೆ ಮೆಲ್ಲಗೆ. “ಇಷ್ಟು ವರ್ಷ ನಾನು ಸೌಟಿನ ಈ ಕಡೆಯೇ ನಿಂತೆ. ಒಂದು ದಿನ ಆ ಕಡೆ ಕೂತು ಇವ್ರ ಜೊತೆ ಉಣ್ಣಬೇಕಿತ್ತು.”

ತಟ್ಟೆ ಹಿಡಿದು, ಕಾದು ನಿಂತವರ ಸಾಲನ್ನು ದಾಟಿ ನೇರ ಸೆರಾಳ ಒಲೆಯತ್ತ ನಡೆಯುತ್ತಾರೆ. ಸೆರಾ ಸೌಟನ್ನು ಅಡ್ಡ ಹಿಡಿಯುತ್ತಾಳೆ.

“ಹಾಗಲ್ಲ ಮಿಸಿಸ್, ಹಿಂದಿನಿಂದ ಬನ್ನಿ. ಇಲ್ಲಿ ಯಾರೂ ಮೆಂಬರಲ್ಲ.”

ಸಾಲಿಗೆ ಸಾಲೇ ನಗುತ್ತದೆ. ಕಂಬಳಿ ಹೊದ್ದ ಮುದುಕಿಯೊಬ್ಬಳು ಸರಿದು ತನ್ನ ಹಿಂದೆ ಜಾಗ ಬಿಡುತ್ತಾಳೆ. ಸರದಿ ಬಂದು, ಗೆಣಸು ಸಿಕ್ಕಿ, ಹುಲ್ಲಿನ ಮೇಲೆ ಕೂತು ಎರ್ಲಿಂಡಾ ಸಿಪ್ಪೆ ಬಿಡಿಸುತ್ತಾರೆ. ಒಂದು ತುತ್ತು ತಿಂದು, ಕೈಯಲ್ಲಿ ಉಳಿದ ಗೆಣಸನ್ನು ತಿರುಗಿಸಿ ನೋಡುತ್ತಾರೆ.

“ಅವತ್ತು ತಂದಿದ್ದೂ ಇಷ್ಟೇ ಸಿಹಿ ಇತ್ತಾ, ಸೆರಾ?”

“ಅದನ್ನ ಹಂದೀನೇ ಕೇಳಬೇಕು, ಮಿಸಿಸ್” ಎನ್ನುತ್ತಾಳೆ ಸೆರಾ, ಅವರ ತಟ್ಟೆಗೆ ಇನ್ನೊಂದು ಗೆಣಸು ಹಾಕುತ್ತ.