‘ಯು’ ನೆತ್ತಿಯ ಬಿಲ್ಲು

ಜರ್ಮನಿಯ ಹೈಲ್‌ಬ್ರಾನಿನ ನಮ್ಮ ಬಾಡಿಗೆ ಕಟ್ಟಡದಲ್ಲಿ ವಾಲ್ಬುರ್ಗಾ ಬೈಯರ್ಲೆ ಮೂರನೆಯ ಮಹಡಿಯ ಮಹಾರಾಣಿ. ಮೂವತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ, ಊರಿನವರ ಕೈಬರಹವನ್ನೆಲ್ಲ ಅರೆದು ಕುಡಿದು ನಿವೃತ್ತಳಾದವಳು. ಕೆಳಮನೆಯ ದರ್ಜಿ ಆನ್ಸೆಲ್ಮ್ ರೋಡರ್ ಅವಳಂತೆಯೇ ಒಂಟಿ. ಪ್ರತಿ ಭಾನುವಾರ ಅವಳಲ್ಲಿ ಕಾಫಿಗೆ ಬರುತ್ತಿದ್ದ. 1974ರ ಸೆಪ್ಟೆಂಬರಿನಲ್ಲಿ ಮದುವೆಯ ಮಾತೆತ್ತಿದ. ಮುಂದಿನ ಭಾನುವಾರ ಉತ್ತರ ಹೇಳುತ್ತೇನೆಂದಳು.

ಬುಧವಾರ ಮೆಟ್ಟಿಲ ಬಳಿಯ ಗೋಡೆಯಲ್ಲಿ ಹೆಸರಿಲ್ಲದ ಚೀಟಿ: ‘ಈ ವಾರ ಗುಡಿಸುವ ಪಾಳಿಯವರ ಪೊರಕೆ ಕಳೆದುಹೋಗಿದೆಯೇ?’ ಮೆಟ್ಟಿಲು ಗುಡಿಸುವುದು ವಾರಕ್ಕೊಂದು ಮನೆಯ ಪಾಳಿ. ಆ ವಾರದ್ದು ವಾಲ್ಬುರ್ಗಾಳದು. ನಮ್ಮಲ್ಲಿ ಹೆಂಗಸಿನ ನಡತೆಯನ್ನು ಶಂಕಿಸಿದರೂ ಕ್ಷಮೆಯುಂಟು, ಪೊರಕೆಯನ್ನು ಶಂಕಿಸಿದರೆ ಇಲ್ಲ.

ಅವಳು ಚೀಟಿ ಕಿತ್ತುಕೊಂಡು, ಭೂತಗನ್ನಡಿ ಹಿಡಿದು ರಣರಂಗಕ್ಕಿಳಿದಳು. ಅಕ್ಷರವನ್ನು ಯಾರು ಬೇಕಾದರೂ ತಿರುಚಬಹುದು. ಅದರ ನೆತ್ತಿಯ ಗುರುತನ್ನು ಮಾತ್ರ ಕೈ ತಾನಾಗಿಯೇ ಹಾಕುತ್ತದೆ. ಮೊದಲ ಮಹಡಿಯ ಮೇಷ್ಟ್ರು ಕೆಲವು ಜರ್ಮನ್ ಸ್ವರಾಕ್ಷರಗಳ ಮೇಲೆ ಎರಡು ಚುಕ್ಕಿ ಇಡುವಲ್ಲಿ ಒಂದು ಅಡ್ಡಗೆರೆ ಎಳೆದು ಮುಗಿಸುವ ಸೋಮಾರಿ. ಎದುರುಮನೆಯ ನರ್ಸ್ ಸೋಪಿನ ಗುಳ್ಳೆಯಂಥ ಸೊನ್ನೆ ಸುತ್ತುವವಳು. ಈ ಚೀಟಿಯಲ್ಲಿ ಚುಕ್ಕಿಗಳು ಎರಡು ನೆಟ್ಟನೆಯ ಪುಟ್ಟ ಗೀರು. ಜೊತೆಗೆ ಪ್ರತಿ ‘ಯು’ ತಲೆಯ ಮೇಲೂ ಒಂದು ಬಿಲ್ಲು. ಹಿಂದೆ ಶಾಲೆಯಲ್ಲಿ ಕಲಿಸುತ್ತಿದ್ದ ಬರಹದಲ್ಲಿ ‘ಯು’, ‘ಎನ್’ ಅಕ್ಷರಗಳು ನೋಡಲು ಅವಳಿಗಳು. ಬೇರೆ ಬೇರೆ ಗುರುತಿಸಲೆಂದೇ ಆ ಬಿಲ್ಲು. ಅದನ್ನು ಕಲಿತವರು ಕಟ್ಟಡದಲ್ಲಿ ಇಬ್ಬರೇ. ಒಬ್ಬಳು ತಾನು.

ಮೂರು ದಿನ ಅವಳಿಗೆ ರೋಡರನ ನಗುವಿನಲ್ಲಿ ಸಂಚು ಕಂಡಿತು. ಆತ ಮೆಟ್ಟಿಲಲ್ಲಿ ಕೆಮ್ಮಿದರೂ ಧೂಳಿನ ಮೇಲಿನ ಟೀಕೆಯೆಂದೇ ತಿಳಿದಳು. ಇಂಥವನ ಕೈ ಹಿಡಿಯುವುದೇ?

ಭಾನುವಾರ ಪ್ಲಮ್ ಕೇಕಿನ ಪಕ್ಕ ಕಾಗದ, ಪೆನ್ನು ಇಟ್ಟಳು. ನಿಮ್ಮ ತಾಯಿ ಮಾಡುತ್ತಿದ್ದ ಕೋಸಿನ ಸೂಪಿನ ವಿಧಾನ ಬರೆದುಕೊಡಿ ಎಂದಳು. ಆತ ನಾಲಿಗೆಯ ತುದಿ ಹೊರಚಾಚಿ ಶ್ರದ್ಧೆಯಿಂದ ಬರೆದ. ಮೂರು ಸಾಲಿನಲ್ಲಿ ಏಳು ಬಿಲ್ಲು. ಅವಳು ಗೋಡೆಯ ಚೀಟಿಯನ್ನು ಅದರ ಪಕ್ಕದಲ್ಲಿಟ್ಟಳು.

“ಹೆರ್ ರೋಡರ್, ಇದ್ಯಾರ ಕೈ?”

“ನಂದೇ. ನಿಮ್ಮ ಕಣ್ಣು ತಪ್ಪಿಸೋಕಾಗಲ್ಲ ಅಂತ ಅಂಟಿಸೋವಾಗ್ಲೇ ಗೊತ್ತಿತ್ತು.”

“ಮುಖಕ್ಕೆ ಹೇಳೋಕೇನಾಗಿತ್ತು ನಿಮಗೆ?”

“ಹೇಳಿದ್ರೆ ಇವತ್ತು ‘ಬೇಡ’ ಅಂತಿದ್ರಿ.”

ವಾಲ್ಬುರ್ಗಾ ಎರಡು ಕಾಗದಗಳನ್ನೂ ಇನ್ನೊಮ್ಮೆ ನೋಡಿದಳು. ಆ ವಾರ, ಏನು ಉತ್ತರ ಕೊಡಲಿ ಎಂದು ಯೋಚಿಸುತ್ತ ಗುಡಿಸುವುದನ್ನೇ ಮರೆತದ್ದು ನಿಜವಾಗಿತ್ತು.

“ಮದುವೆ ಆಗ್ತೀನಿ,” ಎಂದಳು. “ಮನೆ ಒಂದಾದ್ರೆ ಪಾಳೀನೂ ಒಂದೇ. ಅದು ನಿಮ್ದು.”

ಈಗ ರೋಡರ್ ಗುಡಿಸುತ್ತಾನೆ. ಅವಳು ಮೇಲಿನ ಕಂಬಿಗೊರಗಿ ಒಂದೊಂದು ಮೆಟ್ಟಿಲನ್ನೂ ಅನುಮಾನದಿಂದ ನೋಡುತ್ತಿರುತ್ತಾಳೆ.