ಮಲ್ಲಿಗೆಯ ಹೊದಿಕೆ ಹಂಡೆಯ ಒಲೆಗೆ

ಗೆಳತಿಯರೇ, ಕೂಸು ಮಲಗಗೊಡುವುದಿಲ್ಲ, ತವರಿನಿಂದ ತಂದ ಮಲ್ಲಿಗೆಗೆ ದಿನಾ ನೀರು ಹಾಕುವ ತ್ರಾಣ ನನಗಿಲ್ಲ. ಬುಡ ಒಣಗದಿರಲೆಂದು ನಿನ್ನೆ ಸಾಮಿಲ್‌ನಿಂದ ಕಟ್ಟಿಗೆ ಚಕ್ಕೆ ತರಿಸಿ ದಪ್ಪಗೆ ಹರಡಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಬುಡ ಬೋಳು!

“ಅತ್ತಿ, ಚಕ್ಕಿ ಎಲ್ಲಿ ಹೋದ್ವುರಿ?”

“ಹಂಡೆ ಒಲಿಗೆ ಹಾಕೀನಿ. ಕೂಸಿನ ನೀರು ಕಾಸಾಕ ತರಿಸಿ ಒಣಗಾಕ ಹಾಕೀದಿ ಅಂತ ತಿಳ್ಕೊಂಡೆ.”

“ಗಿಡಕ್ಕ ಹೊದಿಸಿದ್ದೆರಿ!”

“ಗಿಡಕ್ಕೂ ಥಂಡಿ ಹತ್ತತದೇನಬೇ?”

ಆಗಷ್ಟೇ ನೀರೆರೆಸಿಕೊಂಡ ಕೂಸನ್ನು ಸಿಟ್ಟಿನಲ್ಲೇ ಎತ್ತಿಕೊಂಡೆ. ಮೈಯೆಲ್ಲ ಹೊಗೆಯ ವಾಸನೆ. ತವರೂರು ಇಜೇರಿಯಲ್ಲಿ ಅವ್ವ ತೊಗರಿ ಕಟ್ಟಿಗೆ ಉರಿಸಿ ನೀರು ಕಾಸಿ ಎರೆದ ದಿನ ನನ್ನ ಕೂದಲಿಗೂ ಇದೇ ವಾಸನೆ ಇರುತ್ತಿತ್ತು. ಮೂಸುತ್ತ ಮೂಸುತ್ತ ಇಬ್ಬರೂ ಮಲಗಿಬಿಟ್ಟೆವು.

ಎದ್ದು ನೋಡಿದರೆ ಅತ್ತೆ ಮಲ್ಲಿಗೆಗೆ ನೀರು ಹಾಕಿ, ಬುಡಕ್ಕೆ ಹಳೆಯ ಕೌದಿ ಹೊದಿಸಿದ್ದಾರೆ. ಅದಕ್ಕಾದರೂ ಇವತ್ತು ರಾತ್ರಿ ಪೂರ್ತಿ ನಿದ್ದೆ ಬರಲಿ.