ಇಟ್ಟಿಗಿಗೆ ಬಂದ ಅಂಬಿಗ

ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮೌಲಾಹುಸೇನನ ಮಗಳು ತಮನ್ನಾ ತತ್ವಶಾಸ್ತ್ರ ಓದುತ್ತೇನೆ ಎಂದಾಗ ನಂಟರಿಷ್ಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. "ಅದನ್ನ ಓದಿ ಏನ್ ಮಾಡ್ತಾಳ?" ಎಂದವರಿಗೆ ಮೌಲಾಹುಸೇನ, "ನನಗ ಗೊತ್ತಿಲ್ರಿ. ಆಕಿಗೆ ಗೊತ್ತೈತಿ," ಎಂದಷ್ಟೇ ಹೇಳಿ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡ. ತಮನ್ನಾಳಿಗೆ ನಿಜವಾಗಿಯೂ ಗೊತ್ತಿತ್ತು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಊರಿನ ಕಾಲೇಜಿನಲ್ಲೇ ಪಾಠಕ್ಕೆ ನಿಂತಳು.

ಕೊಟ್ಟ ಮಾತನ್ನು ಯಾವಾಗ ಮುರಿಯಬಹುದು ಎಂಬುದು ಒಂದು ದಿನದ ಪಾಠ. ಊಟವಾದ ಮೇಲಿನ ತರಗತಿ, ಅರ್ಧ ಮಂದಿ ತೂಕಡಿಸುತ್ತಿದ್ದರು. ತಮನ್ನಾ ಪುಸ್ತಕ ಮುಚ್ಚಿ ಇಬ್ಬರನ್ನು ಮುಂದೆ ಕರೆದಳು. "ನೀನು ಮದುಮಗ. ನೀನು ಮದುಮಗಳ ಅಕ್ಕ. ತಂಗಿ ನಿನಗೊಂದು ಗುಟ್ಟು ಹೇಳ್ಯಾಳ, ಯಾರಿಗೂ ಹೇಳಂಗಿಲ್ಲ ಅಂತ ಆಣೆ ಹಾಕಿಸ್ಯಾಳ. ಈಗ ಇವನು ಅದನ್ನ ಕೇಳ್ತಾನ. ನಡೀಲಿ." ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಅಂದಿನಿಂದ ಆಕೆ ನಾಟಕ ಬರೆಯತೊಡಗಿದಳು. ಕೆಲವು ಸ್ವಂತದ್ದು, ಕೆಲವು ಬೇರೆ ದೇಶದ್ದನ್ನು ಈ ಕಡೆಯ ಮಣ್ಣಿಗೆ ಒಗ್ಗಿಸಿದ್ದು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ನಾಟಕ ತಂಡದವರು ಮನೆ ಹುಡುಕಿಕೊಂಡು ಬರುವಂತಾಯಿತು. ತಾಯಿ ಜೈತುನ್ ಬೀ ಬಂದವರಿಗೆಲ್ಲ ಚಹಾ ಕೊಟ್ಟು, "ನಗಿಸೋದೂ ಒಂದು ಬರಸ್ಕೊಳ್ರಪ್ಪ ಆಕಿ ಕಡಿಂದ," ಎನ್ನುತ್ತಿದ್ದಳು.

ಹೋದ ವರ್ಷ ಹಡಗಲಿ ತಾಲೂಕಿನ ಇಟ್ಟಿಗಿಯಿಂದ ಗುರುಬಸವರಾಜ ಬಂದ. ಬೇಸಾಯಗಾರ, ಚೆನ್ನಾಗಿ ಹಾರ್ಮೋನಿಯಂ ನುಡಿಸುವವ, ಊರಿನ ನಾಟಕ ಸಂಘದ ಯಜಮಾನ. ತಮನ್ನಾ ಅವನಿಗೆ ಯಾವುದೋ ದ್ವೀಪದೇಶದ ಹಳೆಯ ನಾಟಕದ ಕಥೆ ಹೇಳಿದಳು. ದಡಕ್ಕೆ ಬಂದು ಕೂಗಿದವರನ್ನು ದಾಟಿಸಿಯೇ ತೀರುತ್ತೇನೆಂದು ಆಣೆ ಮಾಡಿದ ಒಬ್ಬ ಅಂಬಿಗ. ಒಂದು ದಿನ ಅವನ ಮಗನನ್ನೇ ಕೊಂದವನು ಬಂದು ದಾಟಿಸು ಎನ್ನುತ್ತಾನೆ. ಅಂಬಿಗ ಹತ್ತಿಸಿಕೊಳ್ಳುತ್ತಾನೆ, ನಡುನೀರಿನಲ್ಲಿ ದೋಣಿ ಮುಳುಗಿಸಿ ಅವನೊಂದಿಗೆ ತಾನೂ ಸಾಯುತ್ತಾನೆ.

"ಭಾರಿ ಐತ್ರಿ ಮೇಡಂ," ಎಂದ ಗುರುಬಸವರಾಜ. "ಕಡೀಗೆ ಒಂದು ದುಃಖದ ಹಾಡು ಹಾಕಿದ್ರ ಜನ ಅತ್ತು ಬಿಡ್ತಾರ."

"ಕಡೀದು ಹಂಗ ಇಡಂಗಿಲ್ಲ ಅಣ್ಣಾರ. ದೋಣಿ ಮುಳುಗಿಸಿಬಿಟ್ರ ಪ್ರಶ್ನಿನೂ ಮುಳುಗತೈತಿ."

"ಮತ್ತ ಕೊಂದೋನು ಆರಾಮ ದಡ ಸೇರಬೇಕೇನ್ರಿ? ಜನ ಒಪ್ಪಂಗಿಲ್ಲ."

"ಆರಾಮ ಸೇರ್ತಾನ ಅಂತ ನಾನೆಲ್ಲಿ ಹೇಳ್ದೆ?" ಎಂದಳು ತಮನ್ನಾ. ಹೇಗೆ ಸೇರುತ್ತಾನೆಂದು ಆಕೆಗೂ ಇನ್ನೂ ತಿಳಿದಿರಲಿಲ್ಲ. ಉತ್ತರ ಸಿಕ್ಕೇ ಸಿಗುತ್ತದೆಂಬ ನಂಬಿಕೆ ಮಾತ್ರ ಗಟ್ಟಿಯಾಗಿತ್ತು.

ಅದನ್ನು ಹುಡುಕಲು ಹೊಳೆದಂಡೆಯ ಮಾಗಳಕ್ಕೆ ಹೋದಳು. ಕಥೆಯನ್ನು ತುಂಗಭದ್ರೆಗೆ ತರುವುದಾದರೆ ದೋಣಿಯ ಬದಲು ಹರಿಗೋಲು ಬೇಕು. ಅಂಬಿಗನ ಪಾತ್ರ ಮಾಡಲಿದ್ದ ಇಟ್ಟಿಗಿಯ ಕರಿಸಿದ್ದಪ್ಪನೂ ಜತೆಗಿದ್ದ. ಕುರಿ ಕಾಯುವ ಆಳು, ಕೂಗಿದರೆ ಎರಡು ಹೊಲದಾಚೆ ಕೇಳುವ ಗಂಟಲು. ಆದರೆ ಹೊಳೆಯೆಂದರೆ ಹೆದರಿ ಸಾಯುತ್ತಿದ್ದ. ಮೀನು ಹಿಡಿಯುವ ಈರಕ್ಕ ಇಬ್ಬರನ್ನೂ ಬುಟ್ಟಿಯಂಥ ಹರಿಗೋಲಿನಲ್ಲಿ ಕೂರಿಸಿಕೊಂಡು ನಡುಹೊಳೆಗೆ ಬಂದಾಗ ತಮನ್ನಾ ಕೈ ಚಾಚಿದಳು.

"ಅಕ್ಕಾ, ಹುಟ್ಟು ಒಂಚೂರು ನನ್ನ ಕೈಯಾಗ ಕೊಡು."

ಆಕೆ ನೀರಿಗೆ ಹುಟ್ಟು ಹಾಕಿದ್ದೇ ತಡ, ಹರಿಗೋಲು ಮುಂದೆ ಹೋಗುವ ಬದಲು ನಿಂತಲ್ಲೇ ಗರಗರ ಸುತ್ತಿತು. ಈರಕ್ಕ ನಗುತ್ತಿದ್ದಳು. ಕರಿಸಿದ್ದಪ್ಪ ಅಂಚನ್ನು ಅವುಚಿಕೊಂಡು, "ಕೊಟ್ಟುಬಿಡ್ರಿ ಮೇಡಂ, ಆಕಿ ಕೈಯಾಗ ಕೊಡ್ರಿ, ನನಗ ಸಣ್ಣ ಸಣ್ಣ ಮಕ್ಕಳದಾವ," ಎಂದು ಬೇಡಿಕೊಳ್ಳುತ್ತಿದ್ದ. ಅವನ ಮುಖ ನೋಡುತ್ತಿದ್ದಂತೆ ತಮನ್ನಾಳಿಗೆ ಕೊನೆಯ ದೃಶ್ಯ ಕಣ್ಣಿಗೆ ಕಟ್ಟಿತು. ಅಂಬಿಗ ಹಂತಕನನ್ನು ಮುಳುಗಿಸುವುದೂ ಇಲ್ಲ, ದಾಟಿಸುವುದೂ ಇಲ್ಲ. ಹುಟ್ಟನ್ನು ಅವನ ಕೈಗೆ ಕೊಟ್ಟು ಸುಮ್ಮನೆ ಕೂರುತ್ತಾನೆ.

ಆ ವಾರವೇ ಬರೆದು ಮುಗಿಸಿದಳು. ಹರಿಗೋಲು ರಂಗದ ಮೇಲೆ ಸುತ್ತುವುದು ಹೇಗೆ ಎಂಬ ಚಿಂತೆಯನ್ನು ಮೌಲಾಹುಸೇನ ವಹಿಸಿಕೊಂಡ. ಹಳೆಯ ಟ್ರ್ಯಾಕ್ಟರಿನ ಗಾಲಿಗೆ ಬೇರಿಂಗ್ ಕೂರಿಸಿ, ಅದರ ಮೇಲೆ ಬಿದಿರಿನ ಬುಟ್ಟಿ ಬಿಗಿದು, ಬೆರಳಿನಿಂದ ತಳ್ಳಿ ತೋರಿಸಿದ. "ಆಕಿ ನಾಟಕದಾಗ ನಮ್ಮ ಗ್ಯಾರೇಜೂ ಪಾತ್ರ ಮಾಡ್ತೈತಿ," ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ತಿರುಗಿದ.

ಹಡಗಲಿಯಲ್ಲಿ ಆಟೋ ಓಡಿಸುವ ಭೀಮೇಶ್ ಹಂತಕನ ಪಾತ್ರಕ್ಕೆ ಒಪ್ಪಿದ. ತಾಲೀಮಿನಲ್ಲಿ ತಮನ್ನಾ ಒಂದು ಮಾತನ್ನು ಅವನಿಂದ ಮುಚ್ಚಿಟ್ಟಳು. ಅಂಬಿಗನ ಸತ್ತ ಮಗನ ಹೆಸರು ಕರಿಸಿದ್ದಪ್ಪನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಭೀಮೇಶ್ ಕೇಳಿದಾಗಲೆಲ್ಲ, "ಆ ಹೊತ್ತಿಗೆ ನಿನಗ ತಿಳಿತೈತಿ," ಎನ್ನುತ್ತಿದ್ದಳು.

ಮೊದಲ ಆಟದ ಸಂಜೆ ಇಟ್ಟಿಗಿಯ ಶಾಲೆಯ ಬಯಲು ತುಂಬಿತು. ನಡುಹೊಳೆಯ ದೃಶ್ಯ ಬಂತು. ಕರಿಸಿದ್ದಪ್ಪ ಹುಟ್ಟನ್ನು ಭೀಮೇಶನ ತೊಡೆಯ ಮೇಲಿಟ್ಟು ಕೈಕಟ್ಟಿ ಕುಳಿತ. ಬುಟ್ಟಿ ಸುತ್ತತೊಡಗಿತು. ಹಂತಕ ಬೈದ, ಕಾಲು ಹಿಡಿದ. ಬಯಲಿನಲ್ಲಿ ಒಬ್ಬ, "ಸಾಯ್ಲಿ ಬಿಡು ಅವನು," ಎಂದ. ಹಿಂದಿನಿಂದ ಯಾರೋ, "ಅಂಬಿಗನೂ ಸಾಯ್ತಾನಲ್ಲಪ್ಪ," ಎಂದರು. ಗುರುಬಸವರಾಜ ಹಾರ್ಮೋನಿಯಂ ಮೇಲಿನ ಕೈ ತೆಗೆದು ತಮನ್ನಾಳ ಕಡೆ ನೋಡಿದ. ಆಕೆ ತಲೆಯಾಡಿಸಿದಳು, ನಡೆಯಲಿ ಎಂಬಂತೆ.

ಆಗ ಕರಿಸಿದ್ದಪ್ಪ ಮೆಲ್ಲನೆ ಕೇಳಿದ: "ನನ್ನ ಮಗನ ಹೆಸರೇನು?"

ಭೀಮೇಶ್ ಬಾಯಿ ತೆರೆದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಗೊತ್ತಿಲ್ಲ," ಎಂದ.

"ಹೆಸರು ತಿಳೀದನ ಕೊಂದಿಯಲ್ಲೋ. ಮೈಲಾರಿ ಅಂತ ಅವನ ಹೆಸರು. ಹುಟ್ಟು ಹ್ಯಾಂಗ ಹಾಕಬೇಕು ನಾನು ಹೇಳ್ತೀನಿ. ಒಂದೊಂದು ಸಲ ಹಾಕಿದಾಗೂ ಆ ಹೆಸರು ಹೇಳಬೇಕು. ನಿಲ್ಲಿಸಿದಿ ಅಂದ್ರ ಹೊಳಿ ನೋಡ್ಕೊಂತೈತಿ."

ಭೀಮೇಶ್ ಹುಟ್ಟು ಎತ್ತಿದ. "ಮೈಲಾರಿ," ಎಂದ. ಮತ್ತೆ ಎತ್ತಿದ, ಮತ್ತೆ ಹೇಳಿದ. ಮುಂದೆ ಕುಳಿತ ಹೆಣ್ಣುಮಕ್ಕಳು ತುಟಿಯಾಡಿಸತೊಡಗಿದರು. ಸ್ವಲ್ಪ ಹೊತ್ತಿಗೆ ಬಯಲಿಗೆ ಬಯಲೇ ಆ ಹೆಸರು ಹೇಳುತ್ತಿತ್ತು. ಹಂತಕ ದಡ ಸೇರಿ ಮುಗ್ಗರಿಸಿ ಬಿದ್ದ ಮೇಲೂ ಆ ಹೆಸರು ನಿಲ್ಲಲಿಲ್ಲ. ಚಪ್ಪಾಳೆ ತಟ್ಟುವುದು ನೆನಪಾಗುವುದಕ್ಕೆ ಹೊತ್ತು ಹಿಡಿಯಿತು.

ಜನ ಕರಗಿದ ಮೇಲೆ ಗಾದೆಮ್ಮ ಎಂಬ ಮುದುಕಿ ತಮನ್ನಾಳ ಹತ್ತಿರ ಬಂದಳು. "ನನ್ನ ಮಗನೂ ಹೋಗ್ಯಾನಮ್ಮ, ಲಾರಿ ಬಡದು. ನಾನು ಅಳ್ತೀನಿ ಅಂತ ಮನ್ಯಾಗ ಯಾರೂ ಅವನ ಹೆಸರು ಎತ್ತಂಗಿಲ್ಲ."

"ಏನಂತ ಕರೀತಿದ್ರಿ?"

"ಕೊಟ್ರೇಶಿ."

"ಕೊಟ್ರೇಶಿ," ಎಂದಳು ತಮನ್ನಾ, ಸ್ಪಷ್ಟವಾಗಿ. "ಇಲ್ಲಿ ಕುಂದ್ರು ಯಮ್ಮಾ. ಹೆಂಗಿದ್ದ, ಹೇಳು." ಮುದುಕಿ ಹೇಳಿದಳು. ನಡುವೆ ಒಮ್ಮೆ ನಕ್ಕಳು ಕೂಡ.

ನಾಟಕ ಮಾಗಳಕ್ಕೆ ಹೋಯಿತು, ಹಡಗಲಿಗೆ ಹೋಯಿತು. ಹರಪನಹಳ್ಳಿಯಲ್ಲಿ ಮಾತ್ರ ಆಟ ಮುಗಿದ ಮೇಲೆ ಗಲಾಟೆ ಎದ್ದಿತು. ಇದ್ಯಾವ ನ್ಯಾಯ, ಹೆಸರು ಹೇಳಿದರೆ ಕೊಲೆ ತೊಳೆದು ಹೋಗುತ್ತದೆಯೇ ಎಂದು ಒಬ್ಬ ವಕೀಲರು ಎದ್ದು ನಿಂತರು. "ಬರೆದೋರು ಬಂದು ಹೇಳ್ಬೇಕು. ಅಂಬಿಗ ಮಾಡಿದ್ದು ಸರಿನೋ ತಪ್ಪೋ?"

ಗುರುಬಸವರಾಜ, "ಮೇಡಂ, ಅದು ನಿಮಗ ಬಿಟ್ಟಿದ್ದು ಅಂತ ಹೇಳಿ ಮುಗಿಸಿಬಿಡ್ರಿ," ಎಂದು ಪಿಸುಗುಟ್ಟಿದ. ತಮನ್ನಾ ಸೆರಗು ಸರಿಮಾಡಿಕೊಂಡು ರಂಗದ ಮೇಲೆ ಬಂದಳು.

"ಕೊಲಿ ತೊಳದು ಹೋಗಂಗಿಲ್ರಿ, ಅದಕ್ಕ ಕೋರ್ಟ್ ಐತಿ. ಆದ್ರ ಅಂಬಿಗ ಮಾಡಿದ್ದು ಸರಿ. ಯಾಕ ಸರಿ ಅಂತ ಹೇಳ್ತೀನಿ, ತಪ್ಪಿದ್ರ ನೀವು ತಿದ್ರಿ. ಮದ್ಲು ಎಲ್ಲಾರೂ ಕುಂದರ್ರಿ."

ವಕೀಲರೇ ಎಲ್ಲರಿಗಿಂತ ಮೊದಲು ಕುಳಿತರು.